ಮೂರು ಕೊಂಬು, ಒಂದು ತಿಳಿಸಾರು

ಜಪಾನಿನಲ್ಲಿ ಸಸ್ಯಾಹಾರಿಗೆ ದೊಡ್ಡ ತಲೆನೋವು ಅಂದರೆ ದಾಶಿ. ಸೂಪು, ನೂಡಲ್ಸು, ಬೇಯಿಸಿದ ತರಕಾರಿ, ಎಲ್ಲದಕ್ಕೂ ಈ ರಸ ಬೇಕು. ಸಾಮಾನ್ಯವಾಗಿ ಅದರಲ್ಲಿ ಒಣಮೀನು ಬಿದ್ದಿರುತ್ತದೆ. ಹಾಗಾಗಿ ಟೋಕಿಯೊಗೆ ಬಂದ ಮೇಲೆ ನಾನು ಕೊಂಬು ಹಿಡಿದೆ. ಹಸುವಿನದ್ದಲ್ಲ! ಹೊಕ್ಕೈಡೊ ದ್ವೀಪದ ತಣ್ಣನೆ ಕಡಲಲ್ಲಿ ಮಾರುದ್ದ ಬೆಳೆಯುವ ಪಾಚಿಯ ಹೆಸರು ಅದು.

ಅಂಗಡಿಯಲ್ಲಿ ರೌಸು, ರಿಶಿರಿ, ಹಿಡಕ ಸಿಕ್ಕವು. ಮೂರೂ ಊರಿನ ಹೆಸರೇ. ನಾವು ಬ್ಯಾಡಗಿ, ಗುಂಟೂರು ಅಂತ ಮೆಣಸಿನಕಾಯಿ ಕೇಳ್ತೀವಲ್ಲ, ಹಾಗೆ.

ಮೊದಲ ಸಲ ಎಡವಟ್ಟಾಯಿತು. ಒಣ ಕೊಂಬುವಿನ ಮೇಲಿನ ಬಿಳಿ ಪುಡಿಯನ್ನು ಬೂಷ್ಟು ಅಂದುಕೊಂಡು ಉಜ್ಜಿ ತೊಳೆದೆ. ಅದು ಮ್ಯಾನಿಟಾಲ್ ಅನ್ನುವ ಸಕ್ಕರೆಯಂಥ ವಸ್ತು, ರುಚಿಗೆ ಬೇಕಾದದ್ದೇ. ಮೇಲಿಂದ ಕೊತಕೊತ ಕುದಿಸಿದೆ. ಬೆಂಡೆಕಾಯಿಯಂಥ ಲೋಳೆ! ಆಮೇಲೆ ದಾರಿಗೆ ಬಂದೆ: ಲೀಟರ್ ನೀರಿಗೆ 10 ಗ್ರಾಂ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸುವುದು, ಬೆಳಿಗ್ಗೆ ಸಣ್ಣ ಉರಿಯಲ್ಲಿಟ್ಟು ಕುದಿ ಬರುವ ಮೊದಲೇ ತೆಗೆಯುವುದು.

ಹೊಕ್ಕೈಡೊದ ಪೂರ್ವದ ಶಿರೆತೊಕೊ ಕಡೆಯ ರೌಸುವಿನ ರಸ ಹಳದಿ, ದಟ್ಟ. ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಹಾಕಿದ ಸೂಪಿಗೆ ಸೊಗಸು. ಸಾರಿಗೆ ಮಾತ್ರ ಬೇಡ. ಸಾರಿನ ಪುಡಿ ಒಂದು ಕಡೆ ಎಳೆದರೆ ಇದು ಇನ್ನೊಂದು ಕಡೆ ಎಳೆಯುತ್ತದೆ.

ಉತ್ತರದ ತುದಿಯ ರಿಶಿರಿ ಗೆದ್ದದ್ದು ಇಲ್ಲೇ. ರಸ ನೀರಿನಷ್ಟು ತಿಳಿ, ಚೂರು ಉಪ್ಪುಪ್ಪು. ಕ್ಯೋಟೊ ಅಡುಗೆಯವರಿಗೆ ಇದೇ ಇಷ್ಟವಂತೆ. ಟೊಮೆಟೊ, ಮೆಣಸು, ಜೀರಿಗೆ ಹಾಕಿದೆ. ಬೇಳೆಕಟ್ಟು ಇಲ್ಲದೆಯೂ ಸಾರು ನೀರುನೀರು ಅನ್ನಿಸಲಿಲ್ಲ. 1908ರಲ್ಲಿ ಇಕೆದಾ ಕಿಕುನಾಯೆ ಅನ್ನುವ ಪ್ರೊಫೆಸರ್ ಕೊಂಬು ರಸದ ರುಚಿಗೆ ಗ್ಲುಟಮೇಟ್ ಅನ್ನುವ ವಸ್ತು ಕಾರಣ ಅಂತ ಕಂಡುಹಿಡಿದರು. ಹಣ್ಣಾದ ಟೊಮೆಟೊದಲ್ಲೂ ಅದೇ ಇದೆ. ಜೋಡಿ ಕೂಡಿತು, ಅಲ್ವಾ?

ಹಿಡಕ ಮೂರರಲ್ಲಿ ಅಗ್ಗ. ರಸ ಸಪ್ಪೆ, ನಿಜ. ಆದರೆ ಬೇಗ ಮೆತ್ತಗಾಗುತ್ತದೆ. ರಸ ತೆಗೆದ ಮೇಲೆ ಉಳಿದವನ್ನು ಎಸೆಯೋಕೆ ಮನಸ್ಸು ಬರ್ತಿರಲಿಲ್ಲ. ಇದನ್ನು ಸಣ್ಣಗೆ ಹೆಚ್ಚಿ, ಅಲಸಂದೆ ಕಾಳಿನ ಜೊತೆ ಬೇಯಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿದೆ. ಪಲ್ಯ ಖಾಲಿ! ರೌಸು ಹೀಗೆ ಮಾಡಿದಾಗ ಚರ್ಮ ಅಗಿದ ಹಾಗಿತ್ತು. ದಿನಾ ತಿನ್ನಬೇಡಿ ಮತ್ತೆ. ಕೊಂಬುವಿನಲ್ಲಿ ಅಯೋಡಿನ್ ತುಂಬಾ ಜಾಸ್ತಿ. ಥೈರಾಯ್ಡ್ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಮುಟ್ಟಿ.

ಈಗ ಡಬ್ಬದಲ್ಲಿ ಸದಾ ಇರೋದು ಹಿಡಕವೇ. ರಿಶಿರಿ ತರೋದು ಅಮ್ಮ ಸಾರಿನ ಪುಡಿ ಕಳಿಸಿದಾಗ ಮಾತ್ರ.