ಫ್ಯಾನ್ ಫಿಕ್ಷನ್‌ನಲ್ಲಿ ಹಾಸಿಗೆ ದೃಶ್ಯ: ಬರೆಯೋದಾ, ಬಿಡೋದಾ?

ಮುಂಬೈ ಕಡೆಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಮೊಬೈಲ್ ಹಿಡಿದು ಫ್ಯಾನ್ ಫಿಕ್ಷನ್, ಅಂದರೆ ಮೆಚ್ಚಿನ ಸಿನಿಮಾ, ಪುಸ್ತಕಗಳ ಪಾತ್ರಗಳನ್ನಿಟ್ಟುಕೊಂಡು ಕಥೆ ಬರೆಯುವ ಕನ್ನಡದ ಗೆಳತಿಯರಿಗೆ ಇದು.

ಬರೆಯೋದಾದರೆ, ಆ ರಾತ್ರಿ ಇಬ್ಬರ ನಡುವೆ ಏನಾದರೂ ಬದಲಾಗಬೇಕು. ಸದಾ ಗತ್ತಿನಲ್ಲಿರುವ ನಾಯಕನಿಗೆ ಅಂಗಿ ಗುಂಡಿ ಬಿಚ್ಚುವಾಗ ಕೈ ನಡುಗಲಿ. ಅವಳು ‘ಬೇಡ ಅನಿಸಿದರೆ ಹೇಳು’ ಅನ್ನಲಿ. ಅದು ಕಥೆ. ಸುಮ್ನೆ ಮೈ ವರ್ಣನೆ ಜಾಸ್ತಿಯಾದರೆ ಓದುಗರು ಹಾರಿಸಿಬಿಡುತ್ತಾರೆ. ಫ್ಯಾನ್ ಫಿಕ್ಷನ್ ಹಾಕುವ ಆರ್ಕೈವ್ ಆಫ್ ಅವರ್ ಓನ್ ಜಾಲತಾಣದಲ್ಲಿ ಬಿಚ್ಚುಮಾತಿನ ಲೈಂಗಿಕ ದೃಶ್ಯಗಳಿಗೆ ‘ಎಕ್ಸ್‌ಪ್ಲಿಸಿಟ್’ ರೇಟಿಂಗ್ ಇದೆ. ಇನ್ನೊಂದು ತಾಣ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಅಂಥದ್ದನ್ನು ಒಪ್ಪುವುದಿಲ್ಲ. ನಮ್ಮಲ್ಲಿ 2000ದ ಐಟಿ ಕಾಯ್ದೆಯ 67ನೇ ಸೆಕ್ಷನ್ ಕೂಡ ನೆನಪಿರಲಿ: ಅಶ್ಲೀಲವಾದದ್ದನ್ನು ಆನ್‌ಲೈನ್‌ನಲ್ಲಿ ಪ್ರಕಟಿಸುವುದು ಅಪರಾಧ.

ಬಿಡೋದಾದರೆ, ಬಾಗಿಲು ಮುಚ್ಚಿಸಿ ನೇರ ಬೆಳಗಿನ ಚಹಾಕ್ಕೆ ಬನ್ನಿ. ಯಾರು ಯಾರ ಕಣ್ಣು ತಪ್ಪಿಸುತ್ತಾರೆ ಅನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದೆ, ಅಲ್ವಾ? ಬರೆಯಲು ಮುಜುಗರವಾದರೆ ಇದೇ ಸರಿ. ಮುಜುಗರ ಸಾಲುಗಳಲ್ಲಿ ಕಂಡೇ ಕಾಣುತ್ತದೆ.

ಪಾತ್ರಕ್ಕೆ 18 ತುಂಬಿಲ್ಲವೇ? ಹಾಗಾದರೆ ಬರೆಯಲೇಬೇಡಿ.