ಮಳೆಗಾಲದಲ್ಲೂ ಆಡಬಹುದಾದ ಗೇಮ್ ಮಾರುವ ಅಂಗಡಿ: ಜಿಒಜಿ

ಕಂಪ್ಯೂಟರ್ ಗೇಮ್ ಮಾರುವ ವೆಬ್‌ಸೈಟುಗಳಲ್ಲಿ ನಾನು ಈಗ ದುಡ್ಡು ಹಾಕುವುದು ಜಿಒಜಿಗೆ (GOG) ಮಾತ್ರ. ಇಲ್ಲಿ ಕೊಂಡ ಗೇಮಿನ ಇನ್‌ಸ್ಟಾಲರ್ ಫೈಲನ್ನು, ಅಂದರೆ ಗೇಮನ್ನು ಕಂಪ್ಯೂಟರಿಗೆ ಹಾಕುವ ಫೈಲನ್ನು, ಪೂರ್ತಿ ಇಳಿಸಿಕೊಂಡು ನನ್ನ ಹಾರ್ಡ್ ಡಿಸ್ಕಿಗೆ ಹಾಕಿಟ್ಟುಕೊಳ್ಳಬಹುದು. ಆಮೇಲೆ ಆಡುವುದಕ್ಕೆ ಲಾಗಿನ್ ಬೇಡ, ನೆಟ್ ಬೇಡ, ಯಾವ ಕಂಪನಿಯ ಅಪ್ಪಣೆಯೂ ಬೇಡ.

ಕೊಡಗಿನ ನಾಪೋಕ್ಲು ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಆಳುಗಳ ಹಾಜರಿಯ ಚೆಕ್‌ರೋಲ್, ಗೊಬ್ಬರದ ಲೆಕ್ಕ, ಕೊಯ್ಲಿನ ತೂಕ ಎಲ್ಲ ಬರೆಯುವ ಕೆಲಸ. ಮಳೆ ಜೋರಾದರೆ ಇಲ್ಲಿ ಮರ ಬಿದ್ದು ಲೈನ್ ಕಡಿಯುತ್ತದೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಕೂಡ ಸತ್ತುಹೋಗುತ್ತದೆ. ಕರೆಂಟ್ ವಾಪಸ್ ಬಂದರೂ ನೆಟ್ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಅಂಥ ಸಂಜೆಗಳಿಗೆ ಇರಲಿ ಎಂದೇ ಒಂದು ದೊಡ್ಡ ಕಂಪನಿಯ ಯುದ್ಧದ ಗೇಮ್ ಕೊಂಡಿದ್ದೆ. ಒಬ್ಬನೇ ಕೂತು ಆಡುವ ಕಥೆ ಅದು. ಆದರೂ ಶುರುವಾಗುವಾಗ ಪ್ರತಿ ಸಲ ಕಂಪನಿಯ ಸರ್ವರ್ ಒಪ್ಪಬೇಕು. ನೆಟ್ ಇಲ್ಲದಿದ್ದರೆ ಮೊದಲ ಪರದೆಯೇ ದಾಟುವುದಿಲ್ಲ. ಗ್ರಾಹಕ ಸೇವೆಗೆ ಬರೆದೆ. ನಿಮ್ಮ ನೆಟ್ ಸಂಪರ್ಕ ಸರಿಮಾಡಿಕೊಳ್ಳಿ ಎಂದು ಉತ್ತರ ಬಂತು. ದುಡ್ಡು ನನ್ನದು, ಕಂಪ್ಯೂಟರ್ ನನ್ನದು, ಬೀಗದ ಕೈ ಮಾತ್ರ ಅವರ ಹತ್ತಿರ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇದು ನೆಟ್ ಇಲ್ಲದ ಊರಿನವರ ಕಷ್ಟ ಮಾತ್ರ ಅಲ್ಲ. ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದಿ ಕ್ರೂ' ಎಂಬ ಕಾರ್ ರೇಸ್ ಗೇಮ್ ಬಿಟ್ಟಿತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು. ಡಿಸ್ಕ್ ಕೊಂಡು ಕಪಾಟಿನಲ್ಲಿ ಇಟ್ಟುಕೊಂಡವರಿಗೂ ಗೇಮ್ ಹೋಯಿತು. ಒಬ್ಬರೇ ಆಡುವ ಭಾಗವೂ ಉಳಿಯಲಿಲ್ಲ. ಅದಾದ ಮೇಲೆ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಹೋರಾಟ ಶುರುಮಾಡಿದ. ಸರ್ವರ್ ಮುಚ್ಚುವುದಾದರೆ ಮುಚ್ಚಿ, ಆದರೆ ಕೊಂಡವರು ಆಡುವಂತೆ ಬಿಟ್ಟುಹೋಗಿ ಅಂತ ಅವರ ಬೇಡಿಕೆ. ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. ಹಾಗೆ ಮಾಡಿದರೆ ಗೇಮ್ ಮಾಡುವ ಖರ್ಚು ವಿಪರೀತ ಆಗುತ್ತದೆ ಎಂದು ಕಂಪನಿಗಳ ಸಂಘ ಹೇಳಿತು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಯಾಕೆಂದರೆ ಜಿಒಜಿ ಇಷ್ಟು ವರ್ಷದಿಂದ ಅದೇ ಲೆಕ್ಕದಲ್ಲಿ ವ್ಯಾಪಾರ ಮಾಡಿಕೊಂಡು ಬಂದಿದೆ.

ಪೋಲೆಂಡಿನಲ್ಲಿ 2008ರಲ್ಲಿ ಶುರುವಾದ ಅಂಗಡಿ ಇದು. ಹಳೇ ಗೇಮುಗಳನ್ನು ಹೊಸ ಕಂಪ್ಯೂಟರಿನಲ್ಲಿ ಓಡುವ ಹಾಗೆ ಮಾಡಿ ಮಾರುವುದೇ ಇವರ ಮೊದಲ ಕೆಲಸವಾಗಿತ್ತು. 1999ರ 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3' ತೋಟದ ಆಫೀಸಿನಿಂದ ಬಂದ ನನ್ನ ಹಳೇ ಕಂಪ್ಯೂಟರಿನಲ್ಲೂ ಚೆನ್ನಾಗಿ ಓಡುತ್ತದೆ. ನನಗೆ ತುಂಬ ಹಿಡಿಸಿದ್ದು 'ಸ್ಟಾರ್‌ಡ್ಯೂ ವ್ಯಾಲಿ'. ಒಬ್ಬನೇ ಮನುಷ್ಯ ವರ್ಷಗಟ್ಟಲೆ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಗೇಮ್. ಅದರಲ್ಲಿ ಕಾಫಿಯೂ ಇದೆ. ಬೀಜ ಹಾಕಿದ 10 ದಿನಕ್ಕೆ ಗಿಡ ದೊಡ್ಡದಾಗಿ, ಆಮೇಲೆ ಎರಡು ದಿನಕ್ಕೊಮ್ಮೆ ಬೀಜ ಕೊಡುತ್ತದೆ! ನಮ್ಮ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಆ ಫಸಲಿನ ಬೆಲೆಯೂ ನಮ್ಮ ಕೈಯಲ್ಲಿಲ್ಲ. ರೊಬಸ್ಟಾಗೆ ಲಂಡನ್ ಪೇಟೆ, ಅರೇಬಿಕಾಗೆ ನ್ಯೂಯಾರ್ಕ್ ಪೇಟೆ ನೋಡಬೇಕು. ದಿನವಿಡೀ ಅದೇ ಲೆಕ್ಕ ಬರೆದು ಬಂದವನಿಗೆ ಸಂಜೆ ಆ ಪುಟ್ಟ ತೋಟ ನೆಮ್ಮದಿ ಕೊಡುತ್ತದೆ.

ದೊಡ್ಡ ಗೇಮುಗಳನ್ನು ಇಳಿಸಿಕೊಳ್ಳಲು ಮಡಿಕೇರಿಗೆ, ಅಕ್ಕನ ಮನೆಗೆ ಹೋಗುತ್ತೇನೆ. ಅಲ್ಲಿ ಫೈಬರ್ ಇದೆ. 'ವಿಚರ್ 3' ತರಹದ್ದು ಹತ್ತಾರು ಜಿಬಿ ಇರುತ್ತದೆ, ಹಲವು ತುಂಡು ಫೈಲುಗಳಾಗಿ ಬರುತ್ತದೆ. ಎಲ್ಲ ತುಂಡೂ ಒಂದೇ ಫೋಲ್ಡರಿನಲ್ಲಿ ಇರಬೇಕು, ಒಂದು ತಪ್ಪಿದರೂ ಇನ್‌ಸ್ಟಾಲ್ ಆಗುವುದಿಲ್ಲ. "ಮಾವ, ಲಾಂಚರ್ ಇಲ್ಲದೇ ಹೇಗೆ ಓಡ್ತದೆ?" ಅಂತ ಅಕ್ಕನ ಮಗ ನಂಬಲೇ ಇಲ್ಲ. ಗೇಮ್ ಇಳಿಸಿ ಶುರುಮಾಡಿಕೊಡುವ ತಂತ್ರಾಂಶಕ್ಕೆ ಲಾಂಚರ್ ಅನ್ನುತ್ತಾರೆ. ಜಿಒಜಿಯಲ್ಲೂ ಗ್ಯಾಲಕ್ಸಿ ಎಂಬ ಲಾಂಚರ್ ಇದೆ, ಬೇಕಾದವರು ಹಾಕಿಕೊಳ್ಳಬಹುದು. ನಾನು ಹಾಕಿಲ್ಲ. ಹಾಗಾಗಿ ಅಪ್‌ಡೇಟ್ ಬಂದರೆ ಹೊಸ ಫೈಲ್ ನಾನೇ ಇಳಿಸಿಕೊಳ್ಳಬೇಕು. ನಮ್ಮ ಥರದ ನೆಟ್ ಇರುವವರಿಗೆ ಅದೊಂದು ನಿಜವಾದ ತೊಂದರೆ.

ಬೆಲೆ ಡಾಲರಿನಲ್ಲಿ ಇತ್ತು, ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಸಬೇಕಾಯಿತು. ದೊಡ್ಡ ಕಂಪನಿಗಳ ಎಷ್ಟೋ ಹೊಸ ಗೇಮುಗಳು ಇಲ್ಲಿಗೆ ಬರುವುದೇ ಇಲ್ಲ. ಬೀಗ ಇಲ್ಲದೆ ಮಾರಲು ಅವರಿಗೆ ಮನಸ್ಸಿಲ್ಲ, ಅಷ್ಟೇ.

ಜಿಒಜಿಯನ್ನೂ ಕಣ್ಣುಮುಚ್ಚಿ ಹೊಗಳಲಾರೆ. 2020ರ ಡಿಸೆಂಬರಿನಲ್ಲಿ ತೈವಾನಿನ 'ಡಿವೋಶನ್' ಗೇಮ್ ಮಾರುತ್ತೇವೆ ಎಂದು ಹೇಳಿ, ಅದೇ ದಿನ ಮಾತು ಹಿಂತೆಗೆದುಕೊಂಡರು. ಆ ಗೇಮಿನಲ್ಲಿ ಚೀನಾದ ಅಧ್ಯಕ್ಷರನ್ನು ಅಣಕಿಸುವ ಒಂದು ಚಿತ್ರ ಇತ್ತು ಎಂದು ಮೊದಲೇ ದೊಡ್ಡ ಗಲಾಟೆ ಆಗಿತ್ತು. ಗೇಮರ್‌ಗಳಿಂದ ತುಂಬ ಸಂದೇಶ ಬಂತು ಎಂದು ಕಾರಣ ಕೊಟ್ಟರು. ಅದು ಹೇಡಿತನ ಎಂದೇ ನನ್ನ ಅಭಿಪ್ರಾಯ. 2021ರಲ್ಲಿ 'ಹಿಟ್‌ಮ್ಯಾನ್' ಗೇಮನ್ನು ತಂದು ಮಾರಿದರು. ಅದರ ಎಷ್ಟೋ ಭಾಗಕ್ಕೆ ನೆಟ್ ಬೇಕಿತ್ತು. ಗಿರಾಕಿಗಳು ರೇಗಿ ಬರೆದರು, ಅಕ್ಟೋಬರಿನಲ್ಲಿ ಅಂಗಡಿಯಿಂದ ತೆಗೆದರು. ಗಿರಾಕಿಯ ಸಿಟ್ಟಿಗೆ ಬೆಲೆ ಸಿಕ್ಕಿತು ಅಂತ ನನಗೆ ಆ ಸುದ್ದಿ ಓದಿ ಖುಷಿಯಾಗಿತ್ತು.

ಕಾನೂನು ಬೇಕು ಅಲ್ವಾ ಅಂದರೆ, ಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಬಂದಿದೆ. ನೀವು ಕೊಳ್ಳುತ್ತಿರುವುದು ಲೈಸೆನ್ಸ್, ಅಂದರೆ ಬಳಸುವ ಅನುಮತಿ ಮಾತ್ರ ಎಂದು ಅಂಗಡಿಯವರು ಮೊದಲೇ ತಿಳಿಸಬೇಕು. ಶಾಶ್ವತವಾಗಿ ಇಳಿಸಿಟ್ಟುಕೊಳ್ಳಲು ಕೊಡುವವರಿಗೆ ಅದರಿಂದ ವಿನಾಯಿತಿ. ನಮ್ಮಲ್ಲಿ 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟದ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿತು. ಮಾರಿದ ಮೇಲೆ ಗೇಮ್ ಸಾಯಿಸುವುದು ಅದರಲ್ಲಿ ಇಲ್ಲ. ಸೇರಿಸುವವರು ಯಾರು? ಕಾನೂನು ಮಾಡುವ ಪಕ್ಷಗಳಿಗೆ ಕಂಪನಿಗಳು ಗುಟ್ಟಾಗಿ ದುಡ್ಡು ಕೊಡಲು 2018ರಿಂದ ಚುನಾವಣಾ ಬಾಂಡ್ ಇತ್ತು. ಯಾವ ಕಂಪನಿ ಯಾವ ಪಕ್ಷಕ್ಕೆ ಎಷ್ಟು ಕೊಟ್ಟಿತು ಎಂದು ವೋಟು ಹಾಕುವವರಿಗೆ ಗೊತ್ತಾಗುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪಟ್ಟಿ ಹೊರಬಿದ್ದಾಗ ಎಲ್ಲರಿಗಿಂತ ಜಾಸ್ತಿ, 1,368 ಕೋಟಿ ರೂಪಾಯಿಯ ಬಾಂಡ್ ಕೊಂಡಿದ್ದು ಒಂದು ಲಾಟರಿ ಕಂಪನಿ. ಅಷ್ಟು ದುಡ್ಡು ಓಡಾಡುವ ಕಡೆ ನಾಪೋಕ್ಲಿನ ಗಿರಾಕಿಯ ದೂರು ಯಾರ ಕಿವಿಗೆ ಬೀಳುತ್ತದೆ? ಅದಕ್ಕೇ ನಾನು ಎಲ್ಲಿ ದುಡ್ಡು ಹಾಕುತ್ತೇನೆ ಅನ್ನುವುದು ನನಗೆ ಮುಖ್ಯ.

ಮೊದಲ ಸಲ ಕೊಳ್ಳುವವರು ಚಿಕ್ಕ ಫೈಲಿನ ಗೇಮಿನಿಂದ ಶುರುಮಾಡಿ. ಆಫ್‌ಲೈನ್ ಇನ್‌ಸ್ಟಾಲರನ್ನೇ ಇಳಿಸಿ, ಎರಡು ಡಿಸ್ಕಿನಲ್ಲಿ ಇಡಿ. ಮಳೆಗಾಲದ ಶೀತಕ್ಕೆ ಡಿಸ್ಕ್ ಕೆಡುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೆಟ್ ಆಫ್ ಮಾಡಿ ಒಮ್ಮೆ ಆಡಿ ನೋಡಿ. ಓಡದಿದ್ದರೆ 30 ದಿನದೊಳಗೆ ದುಡ್ಡು ವಾಪಸ್ ಕೇಳಬಹುದು, ಆಡಿದ್ದರೂ ಕೊಡುತ್ತಾರೆ.