ದೊಡ್ಡ ಪಿಚ್ಚರ್, 43 ಇಂಚಿನ ಟಿವಿ: ಮೂರು ವರ್ಷ ಒಟಿಟಿ ಬಳಸಿದ ಮೇಲೆ

2022ರ ನವೆಂಬರ್‌ನಲ್ಲಿ ನಮ್ಮ ಮನೆಗೆ 43 ಇಂಚಿನ ಟಿವಿ ಬಂತು. ಅದರ ಹಿಂದೆಯೇ ಫೈಬರ್ ಇಂಟರ್ನೆಟ್, ಎರಡು ಒಟಿಟಿ ಆ್ಯಪ್‌ಗಳ ವರ್ಷದ ಚಂದಾ. ಮನೆ ಹುಬ್ಬಳ್ಳಿಯ ಉಣಕಲ್ ಕಡೆ. ನೋಡುವವರು ನಾಲ್ಕು ಜನ: ನಾನು, ನನ್ನ ಹೆಂಡತಿ, ಅವ್ವ, ಹೈಸ್ಕೂಲಿಗೆ ಹೋಗುವ ಮಗಳು. ಮೂರು ವರ್ಷಕ್ಕೂ ಜಾಸ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ವೆಬ್ ಸರಣಿಗಳ ಮಾತು ಇಲ್ಲಿ ಬೇಡ. ದೊಡ್ಡ ಪಿಚ್ಚರ್‌ಗಳನ್ನು ಮನೆಯಲ್ಲಿ ನೋಡುವುದು ಹೇಗಿದೆ, ಅದರಿಂದ ನಮ್ಮ ಮನೆಯಲ್ಲಿ ಏನು ಬದಲಾಯಿತು, ಅಷ್ಟೇ.

ಹೊಸ ಟಿವಿಯಲ್ಲಿ ಮೊದಲು ನೋಡಿದ್ದು ‘ಕಾಂತಾರ’. ಸೆಪ್ಟೆಂಬರ್ 30ಕ್ಕೆ ಬಿಡುಗಡೆಯಾಗಿದ್ದ ಚಿತ್ರ ನವೆಂಬರ್ 24ಕ್ಕೆ ಪ್ರೈಮ್ ವಿಡಿಯೊಗೆ ಬಂತು. ಅಷ್ಟರಲ್ಲಿ ಅವ್ವ ಅದನ್ನು ಟಾಕೀಸಿನಲ್ಲಿ ನೋಡಿಯಾಗಿತ್ತು. ನಾಲ್ಕನೇ ವಾರ, ಮ್ಯಾಟಿನಿಗೆ, ಅಣ್ಣಿಗೇರಿಯಿಂದ ರೈಲಿನಲ್ಲಿ ಬಂದ ನಮ್ಮ ಸೋದರತ್ತೆಯ ಜೊತೆ. ಕೊನೆಯ ಭಾಗದಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಕೈಮುಗಿದುಕೊಂಡೇ ಕೂತಿದ್ದರಂತೆ. ಮನೆಯಲ್ಲಿ ಅದೇ ಜಾಗಕ್ಕೆ ಬಂದಾಗ ಅವ್ವ ಥಟ್ಟನೆ ಹೇಳಿದಳು, “ಈ ಹಾಡ ಅದಲ್ಲಲ್ಲೋ, ಬ್ಯಾರೆ ಐತಿ.” ಅವಳ ಮಾತು ಸರಿ ಇತ್ತು. ‘ವರಾಹ ರೂಪಂ’ ಹಾಡಿನ ಮೇಲೆ ಕೋರ್ಟಿನಲ್ಲಿ ಕೇಸ್ ನಡೆದಿತ್ತು. ಹಾಗಾಗಿ ಒಟಿಟಿಗೆ ಬರುವಾಗ ಟ್ಯೂನ್ ಬದಲಾಗಿತ್ತು. ಮೂಲ ಹಾಡು ಆಮೇಲೆ ವಾಪಸ್ ಬಂತು. ಓದು ಬರಹ ಅಷ್ಟಕ್ಕಷ್ಟೇ ಇರುವ ಅವ್ವನ ಕಿವಿಯಲ್ಲಿ ಟಾಕೀಸಿನ ಆ ಹಾಡು ಒಂದು ತಿಂಗಳು ಹಾಗೇ ಉಳಿದಿತ್ತು ನೋಡಿ.

ಒಟಿಟಿಯ ಒಳ್ಳೆಯದನ್ನೂ ಹೇಳಬೇಕು. ಅವ್ವನಿಗೆ ಮೊಣಕಾಲು ನೋವು, ಬಾಲ್ಕನಿ ಮೆಟ್ಟಿಲು ಹತ್ತುವುದು ಕಷ್ಟ. ಮನೆಯಲ್ಲಿ ಆ ತಾಪತ್ರಯ ಇಲ್ಲ. ಮಗಳು ಸಬ್‌ಟೈಟಲ್ ಹಾಕಿಕೊಂಡು ಮಲಯಾಳಂ, ಮರಾಠಿ ಚಿತ್ರಗಳನ್ನು ನೋಡಲು ಕಲಿತಳು. ಒಮ್ಮೆ ನೋಡಿ ಮೆಚ್ಚಿದ್ದನ್ನು ಮತ್ತೆ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ದೊಡ್ಡ ಪರದೆಗೆ ಅಂತಲೇ ಮಾಡಿದ ಚಿತ್ರವನ್ನು ಮೊದಲ ಸಲವೇ ಟಿವಿಯಲ್ಲಿ ನೋಡಿದರೆ ಬಹಳ ಕಳೆದುಕೊಳ್ಳುತ್ತೇವೆ. ಟಾಕೀಸುಗಳಿಗಾಗಿ ಮಾಡುವ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್) ಫೈಲ್‌ನಲ್ಲಿ ಚಿತ್ರದ ಮಾಹಿತಿ ಸೆಕೆಂಡಿಗೆ 250 ಮೆಗಾಬಿಟ್‌ವರೆಗೂ ಇರಬಹುದು. ಮನೆಯಲ್ಲಿ 4ಕೆ ನೋಡಲು ನೆಟ್‌ಫ್ಲಿಕ್ಸ್ ಕೇಳುವ ಇಂಟರ್ನೆಟ್ ವೇಗ 15 ಮೆಗಾಬಿಟ್. ವ್ಯತ್ಯಾಸ ಕತ್ತಲೆಯ ದೃಶ್ಯದಲ್ಲಿ ಕಣ್ಣಿಗೆ ಹೊಡೆಯುತ್ತದೆ. ರಾತ್ರಿಯ ಕಾಡು ಬಂತೆಂದರೆ ಕಪ್ಪು ಬಣ್ಣ ಬೂದಿ ಬಣ್ಣದ ಚೌಕಗಳಾಗಿ ಒಡೆಯುತ್ತದೆ. 2.39:1 ಅಳತೆಯಲ್ಲಿ, ಅಂದರೆ ಎತ್ತರದ 2.39 ಪಟ್ಟು ಅಗಲವಾಗಿ ತೆಗೆದ ಚಿತ್ರಕ್ಕೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ಲೆಕ್ಕ ಹಾಕಿದರೆ ಟಿವಿಯ ಕಾಲು ಭಾಗ ಖಾಲಿ. ಇನ್ನು ಸೌಂಡ್. ಮಾತು ಕೇಳಲ್ಲ ಅಂತ ವಾಲ್ಯೂಮ್ 30ಕ್ಕೆ ಏರಿಸುತ್ತೇವೆ. ಮರುಕ್ಷಣ ಫೈಟ್ ಬರುತ್ತದೆ, ಪಕ್ಕದ ಮನೆಯವರು ಎದ್ದಾರು ಅಂತ 12ಕ್ಕೆ ಇಳಿಸುತ್ತೇವೆ. ಹಲವು ಸ್ಪೀಕರ್‌ಗಳಿಗೆ ಹಂಚಿ ಮಾಡಿದ ಶಬ್ದವನ್ನು ಟಿವಿಯ ಎರಡು ಸಣ್ಣ ಸ್ಪೀಕರ್‌ಗೆ ತುರುಕಿದರೆ ಹೀಗೇ ಆಗುವುದು. ನನ್ನ ಹೆಂಡತಿ ಇಡೀ ಪಿಚ್ಚರ್ ಮುಗಿಯುವವರೆಗೂ ರಿಮೋಟ್ ಕೆಳಗೆ ಇಡುವುದಿಲ್ಲ. ಟಿವಿ ಸೆಟ್ಟಿಂಗ್‌ನಲ್ಲಿ ಮೋಷನ್ ಸ್ಮೂದಿಂಗ್ (ಚಲನೆಯನ್ನು ಅತಿಯಾಗಿ ನಯ ಮಾಡುವ ಸೌಲಭ್ಯ) ಇದ್ದರೆ ಮೊದಲು ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಎಂಥಾ ಸಿನಿಮಾನೂ ಧಾರಾವಾಹಿ ಥರ ಕಾಣುತ್ತದೆ. ನಮ್ಮ ಒಂದು ಆ್ಯಪ್ ಈಗ ನಡುವೆ ಜಾಹೀರಾತನ್ನೂ ಹಾಕುತ್ತಿದೆ. ಬೇಡ ಅಂದರೆ ಬೇರೆ ರೊಕ್ಕ ಕೊಡಬೇಕು.

ಇವೆಲ್ಲ ಒಂದು ತೂಕವಾದರೆ, 2025ರ ಅಕ್ಟೋಬರ್‌ನಲ್ಲಿ ಆಗಿದ್ದೇ ಒಂದು ತೂಕ.

‘ಕಾಂತಾರ ಚಾಪ್ಟರ್ 1’ ಅಕ್ಟೋಬರ್ 2ಕ್ಕೆ ಬಂತು. ನಮ್ಮ ಕಡೆ ಅವ್ವನಂಥವರು ಮೊದಲ ವಾರ ಹೋಗುವುದೇ ಇಲ್ಲ. “ರಶ್ ಕಡಿಮಿ ಆಗ್ಲಿ, ಆಮ್ಯಾಲ ಹೋಗೂಣು” ಅನ್ನುತ್ತಾರೆ. ದಸರಾ ಆಯಿತು, ದೀಪಾವಳಿ ಆಯಿತು. ಸೋದರತ್ತೆಗೆ ಬರಲು ಹೇಳೋಣ ಅನ್ನುವಷ್ಟರಲ್ಲಿ ಮಗಳು ಮೊಬೈಲ್ ಹಿಡಿದು ಬಂದಳು, “ಅಜ್ಜಿ, 31ಕ್ಕ ಟಿವ್ಯಾಗ ಬರ್ತೈತಂತ.” ಅಲ್ಲಿಗೆ ಮುಗಿಯಿತು. ಯಾರೂ ಹೊರಡಲಿಲ್ಲ. ಮೊದಲ ‘ಕಾಂತಾರ’ಕ್ಕೆ 55 ದಿನ ಸಿಕ್ಕಿತ್ತು, ಇದಕ್ಕೆ ಸಿಕ್ಕಿದ್ದು 29. ಸೋದರತ್ತೆ ಅಣ್ಣಿಗೇರಿಯಲ್ಲಿ ಮೊಮ್ಮಗನ ಮೊಬೈಲಿನಲ್ಲಿ ನೋಡಿದರು. ಅಷ್ಟು ದೊಡ್ಡ ಕಾಡು, ಅಷ್ಟು ಜನ, ಎಲ್ಲಾ ಅಂಗೈಯಗಲದಲ್ಲಿ. ಹೇಗಿತ್ತು ಅಂತ ಕೇಳಿದರೆ “ಛಲೋ ಇತ್ತಪಾ” ಅಂದರು, ಅಷ್ಟೇ. ಹಿಂದಿನ ಸಲ ಊಟ ಮಾಡುವವರೆಗೂ ಅದೇ ಮಾತಾಡಿದ್ದರು.

ನನಗೆ ಸಂಕಟ ಆಗುವುದು ಇಲ್ಲಿ. ಅದೇ ಚಿತ್ರದ ಹಿಂದಿ ಆವೃತ್ತಿ ಒಟಿಟಿಗೆ ಬಂದಿದ್ದು ಎಂಟು ವಾರದ ಮೇಲೆ. ದೇಶದ ದೊಡ್ಡ ಮಲ್ಟಿಪ್ಲೆಕ್ಸ್‌ಗಳು ಹಿಂದಿ ಚಿತ್ರಕ್ಕೆ ಎಂಟು ವಾರ ಬೇಕೇ ಬೇಕು ಅಂತ ಪಟ್ಟು ಹಿಡಿದಿವೆ. ಕನ್ನಡದ ಚಿತ್ರಕ್ಕೆ ಕನ್ನಡದ ಟಾಕೀಸಿನಲ್ಲಿ ನಾಲ್ಕು ವಾರ, ಹಿಂದಿಗೆ ಎಂಟು! ಮೂರನೇ, ನಾಲ್ಕನೇ ವಾರ ಅಂದರೆ ನಮ್ಮಲ್ಲಿ ಹೆಣ್ಣುಮಕ್ಕಳ ವಾರ, ವಯಸ್ಸಾದವರ ವಾರ, ಸುತ್ತಲಿನ ಊರಿನವರ ವಾರ. ನಾಲ್ಕು ವಾರಕ್ಕೆ ಒಟಿಟಿ ಅಂದಾಗ ತಪ್ಪಿಹೋಗುವವರು ಇವರೇ. ಮಲ್ಟಿಪ್ಲೆಕ್ಸಿನಲ್ಲಾದರೆ ವಾರ ಕಳೆದಂತೆ ಟಿಕೆಟ್ ರೊಕ್ಕದಲ್ಲಿ ಚಿತ್ರಮಂದಿರದ ಪಾಲು ಜಾಸ್ತಿ ಆಗುತ್ತದೆ. ಆ ಹೊತ್ತಿಗೇ ಸೀಟು ಖಾಲಿ.

2021ರ ಏಪ್ರಿಲ್‌ನಲ್ಲಿ ‘ಯುವರತ್ನ’ ಎಂಟೇ ದಿನಕ್ಕೆ ಒಟಿಟಿಗೆ ಬಂದಿತ್ತು. ಅದು ಕೊರೊನಾ ಕಾಲ, ಯಾರೂ ತಪ್ಪು ತಿಳಿಯಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ವಾರ್ನರ್ ಬ್ರದರ್ಸ್ ತನ್ನ ಎಲ್ಲಾ ಚಿತ್ರಗಳನ್ನು ಬಿಡುಗಡೆಯ ದಿನವೇ ಒಟಿಟಿಗೂ ಬಿಟ್ಟಿತು. ಮರುವರ್ಷ ಅದನ್ನು ಕೈಬಿಟ್ಟು 45 ದಿನದ ಅಂತರಕ್ಕೆ ವಾಪಸ್ ಬಂತು. ನಾವು ಮಾತ್ರ ಅಂತರ ಕಡಿಮೆ ಮಾಡುತ್ತಾ ಹೊರಟಿದ್ದೇವೆ. ಒಟಿಟಿ ಕನ್ನಡವನ್ನು ಕೈಹಿಡಿಯುತ್ತದೆ ಅನ್ನೋಣ ಅಂದರೆ, 2024ರಲ್ಲಿ ನಟ ರಕ್ಷಿತ್ ಶೆಟ್ಟಿ ತಮ್ಮ ಕನ್ನಡ ಸರಣಿ ‘ಏಕಂ’ ಅನ್ನು ದೊಡ್ಡ ಒಟಿಟಿಗಳು ಮುಂದೆ ಬಾರದ್ದರಿಂದ ತಮ್ಮದೇ ಜಾಲತಾಣದಲ್ಲಿ ಬಿಡಬೇಕಾಯಿತು. ದೊಡ್ಡ ಚಿತ್ರ ಟಾಕೀಸು ತುಂಬಿಸಿದರೆ ತಾನೇ ಸಣ್ಣ ಚಿತ್ರಕ್ಕೂ ಒಂದು ಬಾಗಿಲು ತೆರೆದಿರುವುದು?

ಟಿಕೆಟ್ ದುಬಾರಿ ಅನ್ನುವುದನ್ನೂ ಒಪ್ಪುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿ ಮಿತಿ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನ ಹೋಗಿ ಬರುವುದು ಸಣ್ಣ ಖರ್ಚಲ್ಲ.

ಹಾಗಾಗಿ ಈ ಸಲ ಒಂದೇ ಆ್ಯಪ್‌ಗೆ ಚಂದಾ ಕಟ್ಟಿದ್ದೇನೆ. ಎರಡನೆಯದರ ರೊಕ್ಕ ಟಾಕೀಸಿಗೆ. ಒಟಿಟಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ದೊಡ್ಡ ಪಿಚ್ಚರ್ ಮೊದಲ ಸಲ ನೋಡುವುದಕ್ಕಾದರೆ ಎರಡೇ. ಸೋದರತ್ತೆಗೂ ಫೋನ್ ಮಾಡಿ ಹೇಳಿದ್ದೇನೆ, “ಮುಂದಿನ ಸಲ ನಾಲ್ಕನೇ ವಾರ ಅನಬ್ಯಾಡ್ರಿ. ಎರಡನೇ ವಾರನ ಬಂದ್‌ಬಿಡ್ರಿ, ಸ್ಟೇಷನ್ನಿಗೆ ನಾ ಬರ್ತೀನಿ. ಕೆಳಗಿನ ಸೀಟ ತಗಸ್ತೀನಿ, ಅವ್ವಗೂ ಮೆಟ್ಲ ಹತ್ತೂದು ತಪ್ತೈತಿ.”